ಬೆಳಗಿದ ಹಲ್ಲು

“ನೀನು ಬಾಯಿ ಮಾತ್ರ ಬಿಡಬೇಡ ಮಾರಾಯ! ಊರವರ ಹಿತ್ತಾಳೆಯೆಲ್ಲ ಬೆಳಗ್ತೀಯ, ನಿನ್ನ ಹಲ್ಲಿಗೆ ಮಾತ್ರ ಕಿಲುಬು” ಎಂದ ಭಾವ. ಸ್ಟುಡಿಯೊದಲ್ಲಿ ಫೋಟೊಗೆಂದು ಸಾಲಾಗಿ ನಿಂತಿದ್ದ ಮನೆಮಂದಿಯೆಲ್ಲ ಗೊಳ್ಳೆಂದು ನಕ್ಕರು.

ಹಿಂದಿನ ಸಾಲಿನ ತುದಿಯಲ್ಲಿದ್ದ ಬಾಮೈದ ತುಟಿ ಬಿಗಿದ. ಪಾಲಿಶ್ ಚಕ್ರದ ಮುಂದೆ ಕೂರುವವರೆಲ್ಲ ಗಂಟಲಿಗೆ ಹಿತ್ತಾಳೆಯ ಪುಡಿ ಇಳಿಯಬಾರದೆಂದು ದವಡೆಯಲ್ಲಿ ಹೊಗೆಸೊಪ್ಪು ಒತ್ತಿಕೊಳ್ಳುತ್ತಾರೆ, ಅವನೂ ಒತ್ತಿಕೊಂಡಿದ್ದ. ಆ ಚಟ ಬಿಟ್ಟು, ಇವತ್ತು ಬೆಳಿಗ್ಗೆಯಷ್ಟೇ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿ ಬಂದಿದ್ದ. ಪುಟಾಣಿ ಬ್ರಷ್ಷು ಗಿರ್ರೆಂದು ತಿರುಗಿ ಕಂದು ಕಲೆಗಳನ್ನೆಲ್ಲ ತೆಗೆದಿತ್ತು. ತನ್ನದೇ ಚಕ್ರಕ್ಕೆ ತಾನೇ ಚೊಂಬಾಗಿ ಸಿಕ್ಕಿಬಿದ್ದೆನಲ್ಲ ಎಂದು ಅವನಿಗೆ ಒಳಗೊಳಗೇ ನಗು. “ನಿನ್ನ ನಗು ನೋಡಿ ಎಷ್ಟು ಕಾಲ ಆಯ್ತೋ” ಎಂದು ಒಮ್ಮೆ ಅಂದವಳು ಅಕ್ಕ ಒಬ್ಬಳೇ. ಅವಳಿಗೇ ಮೊದಲು ತೋರಿಸಬೇಕೆಂದು ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡೇ ಬಂದಿದ್ದ.

ಈಗ ಒಮ್ಮೆ ಹಲ್ಲು ಕಿರಿದಿದ್ದರೆ ಸಾಕಿತ್ತು, ಭಾವನ ಮುಖ ಇಂಗು ತಿಂದ ಮಂಗನಂತಾಗುತ್ತಿತ್ತು. ಅವನು ಅಕ್ಕನತ್ತ ನೋಡಿದ. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂದಿತ್ತು; ಅಂಗೈಯಿಂದ ಒರೆಸಿಕೊಳ್ಳುತ್ತಿದ್ದಳು.

“ರೆಡೀನಾ? ಎಲ್ಲರೂ ನಗಿ” ಎಂದ ಕ್ಯಾಮೆರಾದವನು. ಬಾಮೈದ ಸಾಲಿನಿಂದ ಹೊರಗೆ ಬಂದ. ಅವನು ಬಿಟ್ಟ ಜಾಗಕ್ಕೆ ಯಾರೋ ಸರಿದು ನಿಂತರು.

“ಎಲ್ಲಿಗೋ ಹೊರಟೆ? ತಮಾಷೆಗೆ ಅಂದಿದ್ದಕ್ಕೂ ಕೋಪಾನಾ? ಏನಾದ್ರೂ ಮಾತಾಡೋ!” ಎಂದಳು ಅಕ್ಕ, ಇನ್ನೂ ನಗುತ್ತಲೇ.

ಮಾತಾಡಿದರೆ ಹಲ್ಲು ಕಾಣುತ್ತಿತ್ತು. ಅವನು ತುಟಿ ಬಿಗಿದುಕೊಂಡೇ ಬಾಗಿಲು ತಳ್ಳಿ ನಡೆದುಬಿಟ್ಟ.