ಸಾಲಿನಲ್ಲಿ ಮುಂದೆ ನಿಂತವನು

"ಕಾಯೋದಕ್ಕೆ ವೇಟ್ ಅಂತೀವಲ್ಲ, ಆ ಪದ ಎಲ್ಲಿಂದ ಬಂತು ಗೊತ್ತಾ, ಮಿಸೆಸ್ ಡಿನ್ಸ್‌ಡೇಲ್?" ಎಂದು ಬಸ್ ನಿಲ್ದಾಣದಲ್ಲಿ ಕ್ಲಿಫರ್ಡ್ ಆಕ್ರಾಯ್ಡ್ ಕೇಳಿಯೇಬಿಟ್ಟ.

ಹೇಳಬೇಕೆಂದಿದ್ದದ್ದು ಬೇರೆಯೇ. ಪಕ್ಕದ ಮನೆಯ ಈ ವಿಧವೆ ಶನಿವಾರ ಸ್ಕಾರ್ಬರೋದ ತಂಗಿಯ ಮನೆಗೆ ಹೊರಟುಬಿಡುತ್ತಾಳೆ, ಮತ್ತೆ ಬರುವುದಿಲ್ಲ. ರೈಲಿನ ಟಿಕೆಟ್ ಕೊಳ್ಳಲೆಂದೇ ಈಗ ಸ್ಕಿಪ್ಟನ್ನಿಗೆ ಹೊರಟಿದ್ದಳು. 'ಹೋಗಬೇಡಿ' ಎನ್ನಲು ಕ್ಲಿಫರ್ಡ್ ಬೆಳಿಗ್ಗೆ ಕನ್ನಡಿಯೆದುರು ಅಭ್ಯಾಸ ಮಾಡಿ, ಇದ್ದುದರಲ್ಲಿ ಒಳ್ಳೆಯ ಟೈ ಕಟ್ಟಿಕೊಂಡು ಬಂದಿದ್ದ. ಆದರೆ ನಿಘಂಟಿನ ಕಚೇರಿಯಲ್ಲಿ ಸವೆದ ನಾಲಿಗೆ ಎದೆಯ ಮಾತು ಕೇಳಬೇಕಲ್ಲ!

"ಗೊತ್ತಿಲ್ಲ. ಹೇಳಿಬಿಡಿ, ಹೇಗೂ ಹೇಳದೆ ಬಿಡೋರಲ್ಲ ನೀವು."

"ಹಳೇ ಫ್ರೆಂಚಿಂದ ಬಂದಿದ್ದು. ಆಗ ಅದಕ್ಕೆ ಸುಮ್ನೆ ಕಾಯ್ತಾ ನಿಲ್ಲೋದು ಅಂತ ಅರ್ಥ ಇರ್ಲಿಲ್ಲ. ಕಣ್ಣಿಟ್ಟು ಕಾವಲು ಕಾಯೋದು. ಊರಿನ ರಾತ್ರಿ ಕಾವಲುಗಾರರನ್ನ ವೇಟ್ಸ್ ಅಂತಾನೇ ಕರೀತಿದ್ರು. ಆಮೇಲೆ ಹೊಂಚು ಹಾಕೋದೂ ಆಯ್ತು, ದೊಡ್ಡೋರ ಮನೇಲಿ ಊಟ ಬಡಿಸೋದೂ ಆಯ್ತು..."

ಬಾಯಿ ಮುಚ್ಚೋ ಕತ್ತೆ, ಎಂದು ತನ್ನನ್ನೇ ಬೈದುಕೊಂಡ. ಕತ್ತೆ ಮುಚ್ಚಲಿಲ್ಲ. ಬಡಿಸುವವರ ಕಥೆ ರಂಗೇರುತ್ತಿರುವಾಗ ಬೆನ್ನ ಹಿಂದೆ ಬಸ್ಸು ಭರ್ರೆಂದು ಹೋಯಿತು. ಕೈ ಅಡ್ಡ ಹಿಡಿಯದಿದ್ದರೆ ಅದು ಇಲ್ಲಿ ನಿಲ್ಲುವುದಿಲ್ಲ. ಕೈ ಹಿಡಿಯಬೇಕಾದವರು ಸಾಲಿನಲ್ಲಿ ಮುಂದಿರುವವರು. ಇಬ್ಬರೇ ಇದ್ದ ಆ ಸಾಲಿನಲ್ಲಿ ಮುಂದಿದ್ದವನು ಅವನೇ.

"ಅಯ್ಯೋ, ಕ್ಷಮಿಸಿ! ಕಾವಲಿನ ಮೇಲೆ ಭಾಷಣ ಬಿಗೀತಾ ಬಸ್ಸನ್ನೇ ನೋಡಲಿಲ್ಲ. ನನ್ನಂಥ ಪೆದ್ದ ಈ ಕೌಂಟಿಯಲ್ಲೇ ಇಲ್ಲ."

"ನಾನು ನೋಡಿದೆ. ಚರ್ಚಿನ ತಿರುವಲ್ಲಿ ಬರ್ತಿದ್ದಾಗಲೇ."

"ಮತ್ತೆ ಒಂದು ಮಾತು ಹೇಳ್ಬಾರದಿತ್ತಾ?"

"ಯಾಕ್ ಹೇಳ್ಲಿ? ಮುಂದಿನ ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ." ಆಕೆ ಅವನ ಕೊರಳನ್ನು ನೋಡಿದಳು. "ಆ ಟೈ ಕಟ್ಕೊಂಡು ಬಂದಿದ್ದು ಫ್ರೆಂಚ್ ಪಾಠ ಮಾಡೋಕಂತೂ ಅಲ್ಲ ತಾನೆ, ಕ್ಲಿಫರ್ಡ್?"

ಇಷ್ಟು ವರ್ಷಗಳಲ್ಲಿ ಆಕೆ ಅವನನ್ನು ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಅವನು ಹಿಗ್ಗಿಹೋದ. ಅಷ್ಟರಲ್ಲಿ 'ಸ್ಟೇ', ಅಂದರೆ ಇಲ್ಲೇ ಉಳಿ, ಎಂಬ ಪದದ ಮೂಲ, ಲ್ಯಾಟಿನ್ ಸಮೇತ, ನಾಲಿಗೆಯ ತುದಿಗೆ ಬಂದು ಕೂತಿತು. ಕಷ್ಟಪಟ್ಟು ಅದನ್ನು ನುಂಗಿದ.

"ಹೋಗ್ಬೇಡಿ," ಎಂದ.

ಆಕೆ ಬೆಂಚಿನ ಮೇಲೆ ಕೂತು, ಪಕ್ಕದಲ್ಲಿಟ್ಟಿದ್ದ ಚೀಲವನ್ನು ಎತ್ತಿ ಮಡಿಲಿಗಿಟ್ಟುಕೊಂಡು ಅವನಿಗೆ ಜಾಗ ಮಾಡಿದಳು.