ಹಿತ್ತಾಳೆಯ ಹಿಡಿ

ದಂಡಿಗೆ ಹೋಗಿದ್ದ ಸಿಪಾಯಿ ಕತ್ತಿಯ ಹಿಡಿ ಮುರಿದು ಸತ್ತನೆಂಬ ಸುದ್ದಿ ಊರಲ್ಲಿ ಹಬ್ಬಿದಾಗಿನಿಂದ ಮೌನೇಶಾಚಾರಿ ತನ್ನ ಕುಲುಮೆಗೆ ಬೆಂಕಿ ಹಾಕಿರಲಿಲ್ಲ. ಸಿಪಾಯಿ ಕೇಳಿದ್ದು ಉಕ್ಕಿನ ಹಿಡಿ. ಉಕ್ಕು ಬಡಿಯುವ ಬೇಸರಕ್ಕೆ, "ಹಿತ್ತಾಳೆ ಚೆನ್ನಾಗಿ ಹೊಳೀತದೆ, ತಗೊಳಪ್ಪ" ಎಂದು ಎರಕದ ಹಿಡಿ ಕೂರಿಸಿಕೊಟ್ಟವನು ತಾನೇ.

ಹದಿನೈದನೆಯ ದಿನ ಸಿಪಾಯಿಯ ಹೆಂಡತಿ ಕತ್ತಿಯನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಕುಲುಮೆಗೆ ಬಂದಳು.

"ತಪ್ಪು ನಂದೇ, ತಂಗಿ. ನನ್ನ ಸೋಮಾರಿತನ ನಿನ್ನ ಗಂಡನ್ನ ತಿಂತು." ಆಚಾರಿ ತಲೆ ಎತ್ತಲಿಲ್ಲ.

ಅವಳು ಸುತ್ತು ಬಿಚ್ಚಿದಳು. ಕತ್ತಿ ಒರೆಯಲ್ಲೇ ಇತ್ತು. ಹಿತ್ತಾಳೆಯ ಹಿಡಿ ಕೊಟ್ಟ ದಿನದಂತೆಯೇ ಹೊಳೆಯುತ್ತಿತ್ತು.

"ನಮ್ಮೋರು ಕತ್ತಿ ಹಿರೀದೆ ಓಡ್ತಿದ್ದಾಗ ಬೆನ್ನಿಗೆ ಬಿದ್ದ ಏಟಂತೆ, ಅಣ್ಣ. ಹಿಡಿ ಮುರೀತು ಅಂತ ಊರಿಗೆ ಹೇಳಿದ್ದು ನಾನು. ನಾಳೆ ಮಾವ ಕತ್ತಿ ನೋಡ್ತಾರಂತೆ, ಇದನ್ನ ಮುರಿದುಕೊಡು."