ಹಿಂದೆ ಬರುವ ಸದ್ದು

ಮಗಳು ಹಾರಿಸುತ್ತಿದ್ದ ಯುದ್ಧವಿಮಾನ ಮರಗಳ ಮೇಲೆ ಕಾಣಿಸಿದಾಗ, ಕೊಟ್ಟಿಗೆಯ ಬಾಗಿಲಲ್ಲಿ ತಾಯಿ ಗಬ್ಬದ ಹಸುವಿನ ಕಿವಿಗಳನ್ನು ಅಂಗೈಗಳಿಂದ ಮುಚ್ಚಿದಳು. ಹೋದ ವರ್ಷದ ವಿಮಾನ ಪ್ರದರ್ಶನದ ದಿನ ಅದು ಸದ್ದಿಗೆ ಬೆದರಿ ಹಗ್ಗ ಕಿತ್ತುಕೊಂಡು ಓಡಿತ್ತು.

"ನಿನ್ನ ಕಿವೀನೂ ಮುಚ್ಕೊಳೇ, ಕಿವುಡಿ ಆಗ್ತೀಯ," ಎಂದ ಗಂಡ, ಹಗ್ಗವನ್ನು ಬಿಗಿಹಿಡಿದು.

"ನಂಗೆ ಕೇಳಿಸ್ಬೇಕು ಕಣ್ರೀ. ಸದ್ದು ಬಂತು ಅಂದ್ರೆ ನಾನು ಆಗ್ಲೇ ದಾಟಿದೀನಿ ಅಂತ ತಿಳ್ಕೊಮ್ಮಾ ಅಂದಿದ್ಲು."

ವಿಮಾನ ನೆಲ ಸವರುವಂತೆ ಇಳಿದು ಹುಲ್ಲಿನ ಬಣವೆಯ ಆಚೆ ಮರೆಯಾಯಿತು. ಸದ್ದು ಇನ್ನೂ ಬಂದಿರಲಿಲ್ಲ, ಒಂದು ಎಲೆಯೂ ಅಲುಗಲಿಲ್ಲ. ಗಂಡ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ಅವಳ ಅಂಗೈಯಡಿ ಹಸುವಿನ ಕಿವಿ ಬೆಚ್ಚಗೆ ಮಿಡಿಯುತ್ತಿತ್ತು.

ಆಮೇಲೆ ವಿಮಾನದ ಸದ್ದು ಬಂದು ಕೊಟ್ಟಿಗೆಯ ತಗಡೆಲ್ಲ ನಡುಗಿತು. ಹಸು ಕೊರಳೆತ್ತಿ ಜಗ್ಗಿದ ರಭಸಕ್ಕೆ ಗಂಡ ಸಗಣಿಯಲ್ಲಿ ಜಾರಿದ. ಅವಳು ಹಸುವಿನ ಹಣೆಗೆ ಹಣೆಯೊತ್ತಿ, "ದಾಟಿದ್ಲು ಕಣೇ, ದಾಟಿದ್ಲು," ಎಂದಳು.